ಎಲ್ಲಿಂದ ಬಂದವರು ನೀವು? ತರ್ಶಿಚ್ ಎಂಬ ಸರ್ಬಿಯನ್ ಹಳ್ಳಿಯ ಕಥೆ

ಎಲ್ಲರಿಗೂ ನಮಸ್ಕಾರ.

ಸರ್ಬಿಯಾ ಅಂದ ಕೂಡಲೇ ನಮಗೆ ನೆನಪಾಗುವುದು ಟೆನಿಸ್ ಆಡುವ ಜೊಕೊವಿಚ್. ವಿಜ್ಞಾನ ಓದಿದವರಾದರೆ ನಿಕೋಲಾ ಟೆಸ್ಲಾ ಅನ್ನಬಹುದು. ಸ್ವಲ್ಪ ವಯಸ್ಸಾದವರು ಯುಗೊಸ್ಲಾವಿಯಾ, ಟಿಟೊ, ನೆಹರೂ ಅಂತ ಶುರು ಮಾಡುತ್ತಾರೆ. ಅಲ್ಲಿಗೆ ನಮ್ಮ ಸರಕು ಮುಗಿಯಿತು. ಅಲ್ಲಿನ ಒಂದು ಹಳ್ಳಿಯ ಹೆಸರು ಹೇಳಿ ಅಂದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ, ಅಲ್ವಾ? ಇವತ್ತು ನಾನು ಮಾತಾಡುವುದು ಅಂಥ ಒಂದೇ ಒಂದು ಹಳ್ಳಿಯ ಬಗ್ಗೆ. ಹೆಸರು ತರ್ಶಿಚ್.

ಸರ್ಬಿಯಾದ ಶಾಲಾ ಮಕ್ಕಳಿಗೆಲ್ಲ ಈ ಹೆಸರು ಗೊತ್ತು. ಅವರ ಭಾಷೆಗೆ ಈಗಿರುವ ಅಕ್ಷರಮಾಲೆ ಕೊಟ್ಟ ವೂಕ್ ಕರಾಜಿಚ್ ಹುಟ್ಟಿದ್ದು ಇಲ್ಲಿ. ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು, ಮನೆ ತೋರಿಸಿ, ಫೋಟೋ ತೆಗೆಸಿ ವಾಪಸ್ ಕರೆದುಕೊಂಡು ಹೋಗುತ್ತಾರೆ. ಆದರೆ ಬರೀ ಮನೆ ನೋಡಿದರೆ ಈ ಊರು ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿಯ ಜನ ಎಲ್ಲಿಂದ ಬಂದರು, ಯಾಕೆ ಬಂದರು, ಆಮೇಲೆ ಎಲ್ಲಿಗೆ ಹೋದರು ಅಂತ ಕೇಳಬೇಕು. ಆಗ ಊರು ಬಾಯಿ ಬಿಡುತ್ತದೆ.

ಮೊದಲು ಜಾಗ ಎಲ್ಲಿದೆ ನೋಡೋಣ. ಬೆಲ್‌ಗ್ರೇಡ್‌ನಿಂದ ಪಶ್ಚಿಮಕ್ಕೆ ಸುಮಾರು 140 ಕಿಲೋಮೀಟರ್ ಹೋದರೆ ಲೋಜ್ನಿತ್ಸಾ ಅನ್ನುವ ಪಟ್ಟಣ ಸಿಗುತ್ತದೆ. ಅದರ ಪಕ್ಕದಲ್ಲೇ ದ್ರೀನಾ ನದಿ. ನದಿಯ ಆಚೆ ದಡ ಬೋಸ್ನಿಯಾ. ಲೋಜ್ನಿತ್ಸಾದಿಂದ ಕೆಲವೇ ಕಿಲೋಮೀಟರ್ ಒಳಗೆ, ಗೂಚೆವೊ ಬೆಟ್ಟದ ತಪ್ಪಲಿನಲ್ಲಿ ತರ್ಶಿಚ್ ಇದೆ. ಬೆಟ್ಟ ತುಂಬಾ ಎತ್ತರದ್ದೇನಲ್ಲ, 800 ಮೀಟರಿಗಿಂತ ಸ್ವಲ್ಪ ಕಮ್ಮಿ. ಮೈತುಂಬಾ ಓಕ್, ಬೀಚ್ ಮರಗಳ ಕಾಡು. ಊರಿನ ನಡುವೆ ಝೆರಾವಿಯಾ ಅನ್ನುವ ಪುಟ್ಟ ಹೊಳೆ ಹರಿಯುತ್ತದೆ. ಈ ಸೀಮೆಗೆ ಹೆಸರು ಕೊಟ್ಟಿರುವುದು ಯಾದರ್ ಅನ್ನುವ ಇನ್ನೊಂದು ನದಿ. ಅದು ಅಗಲವಾದ ಕಣಿವೆಯಲ್ಲಿ ನಿಧಾನವಾಗಿ ಹರಿದು ದ್ರೀನಾಕ್ಕೆ ಸೇರುತ್ತದೆ. ಕಣಿವೆಯ ಬಯಲಿನಲ್ಲಿ ಮೆಕ್ಕೆಜೋಳ, ಗೋಧಿ. ಇಳಿಜಾರಿನಲ್ಲಿ ಪ್ಲಮ್ ತೋಟಗಳು. ಮೇಲೆ ಕಾಡು.

ನಮ್ಮ ಬಯಲುಸೀಮೆಯ ಹಳ್ಳಿಯ ಹಾಗೆ ಮನೆಗೆ ಮನೆ ಅಂಟಿಕೊಂಡಿರುವ ಊರಲ್ಲ ಇದು. ಒಂದು ಮನೆತನ ಒಂದು ದಿಬ್ಬದ ಮೇಲೆ. ಇನ್ನೊಂದು ಮನೆತನ ಹೊಳೆಯ ಆಚೆ. ನಡುವೆ ತೋಟ, ಹುಲ್ಲುಗಾವಲು, ಕಾಲುದಾರಿ. ಬಾಲ್ಕನ್ ಪ್ರದೇಶದ ಹಳ್ಳಿಗಳನ್ನು ಒತ್ತಾಗಿ ಕಟ್ಟಿದವು, ಚದುರಿ ಕಟ್ಟಿದವು ಅಂತ ವಿಂಗಡಿಸಿ, ಯಾಕೆ ಹೀಗೆ ಅಂತ ವಿವರಿಸಿದವನು ಯೊವಾನ್ ತ್ಸ್ವೀಯಿಚ್ ಅನ್ನುವ ಭೂಗೋಳಶಾಸ್ತ್ರಜ್ಞ. ತಮಾಷೆ ನೋಡಿ, ಅವನು ಹುಟ್ಟಿದ್ದೂ ಇಲ್ಲೇ ಲೋಜ್ನಿತ್ಸಾದಲ್ಲಿ, 1865ರಲ್ಲಿ. ಕರಾಜಿಚ್ ತೀರಿಕೊಂಡದ್ದು 1864ರಲ್ಲಿ. ಒಂದೇ ಕಣಿವೆಯ ಇಬ್ಬರು. ಒಬ್ಬ ಜನರ ಮಾತು ಕೂಡಿಸಿದ, ಇನ್ನೊಬ್ಬ ಜನರ ಹೆಜ್ಜೆ ಗುರುತು ಕೂಡಿಸಿದ. ಇವತ್ತಿನ ಉಪನ್ಯಾಸಕ್ಕೆ ಈ ಇಬ್ಬರೇ ನನಗೆ ದಾರಿ ತೋರಿಸುವವರು.

ತ್ಸ್ವೀಯಿಚ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸುಣ್ಣಕಲ್ಲಿನ ನೆಲ ನೀರಿಗೆ ಕರಗಿ ಹೇಗೆ ಗುಂಡಿ, ಗುಹೆ, ಒಳಹರಿವು ಆಗುತ್ತದೆ ಅನ್ನುವ ವಿಷಯದ ಮೇಲೆ ವಿಯೆನ್ನಾದಲ್ಲಿ ಸಂಶೋಧನೆ ಮಾಡಿ ಹೆಸರು ಮಾಡಿದವನು ಅವನು. ಆಮೇಲೆ ಅವನ ಗಮನ ಹಳ್ಳಿಗಳ ಕಡೆ ತಿರುಗಿತು. 1896ರಲ್ಲಿ ಹಳ್ಳಿ ಅಧ್ಯಯನ ಹೇಗೆ ಮಾಡಬೇಕು ಅಂತ ಒಂದು ಕೈಪಿಡಿ ಬರೆದ. ಮೇಷ್ಟ್ರುಗಳು, ಪಾದ್ರಿಗಳು, ಅವನ ವಿದ್ಯಾರ್ಥಿಗಳು ಆ ಪ್ರಶ್ನೆಗಳನ್ನು ಹಿಡಿದು ಊರೂರಿಗೆ ಹೋದರು. ನೀರು ಎಲ್ಲಿಂದ ತರುತ್ತೀರಿ, ದನ ಎಲ್ಲಿ ಮೇಯಿಸುತ್ತೀರಿ, ಮನೆ ಯಾವ ಮರದ್ದು. ಇದೆಲ್ಲ ಆದ ಮೇಲೆ ಪ್ರತಿ ಮನೆತನಕ್ಕೂ ಮುಖ್ಯವಾದ ಪ್ರಶ್ನೆ: ಎಲ್ಲಿಂದ ಬಂದವರು ನೀವು? ಯಾವಾಗ ಬಂದಿರಿ? ಯಾಕೆ ಬಂದಿರಿ? ಜೊತೆಗೆ ಇನ್ನೊಂದು: ನಿಮ್ಮ ಮನೆಯ ಸ್ಲಾವಾ ಯಾವುದು?

ಸ್ಲಾವಾ ಅಂದರೆ ಏನು ಅಂತ ಆಮೇಲೆ ಹೇಳುತ್ತೇನೆ. ಮೊದಲು ಉತ್ತರಗಳನ್ನು ನೋಡೋಣ. ಈ ಭಾಗದ ಎಷ್ಟೋ ಮನೆತನಗಳ ಉತ್ತರ ಒಂದೇ: "ಹಳೇ ಹೆರ್ಜೆಗೊವಿನಾದಿಂದ." ಅಂದರೆ ದಕ್ಷಿಣದ ಕಲ್ಲು ಬೆಟ್ಟಗಳ ನಾಡು. ಅದರ ದೊಡ್ಡ ಭಾಗ ಇವತ್ತು ಮೊಂಟೆನೆಗ್ರೊ ದೇಶದಲ್ಲಿದೆ. ಕರಾಜಿಚ್ ಮನೆತನದವರು ಬಂದದ್ದು ಅಲ್ಲಿಯ ದ್ರೋಬ್ನ್ಯಾಕ್ ಸೀಮೆಯಿಂದ, ದುರ್ಮಿತೋರ್ ಪರ್ವತದ ಹತ್ತಿರದ ಪೆಟ್ನಿತ್ಸಾ ಅನ್ನುವ ಹಳ್ಳಿಯಿಂದ. ಯಾಕೆ ಬಂದರು? ಅಲ್ಲಿ ಕುರಿ ಸಾಕಬಹುದು, ಆದರೆ ಉತ್ತು ಬಿತ್ತಲು ನೆಲವಿಲ್ಲ. ಮಕ್ಕಳು ಹೆಚ್ಚಾದರೆ ಹೊಟ್ಟೆಗೆ ಸಾಲದು. ಮನೆತನಗಳ ನಡುವೆ ಕೊಲೆಗೆ ಕೊಲೆ ಅನ್ನುವ ಹಗೆ ಬೇರೆ. ಜೊತೆಗೆ ಆಟೊಮನ್ ತುರ್ಕರ ತೆರಿಗೆ, ದಂಡು. ಇತ್ತ ಯಾದರ್ ಕಡೆ ಯುದ್ಧಗಳಿಂದ ಊರುಗಳು ಖಾಲಿಯಾಗಿದ್ದವು. ನೆಲ ಸುಮ್ನೆ ಬಿದ್ದಿತ್ತು. ಆಟೊಮನ್ ಮತ್ತು ಆಸ್ಟ್ರಿಯಾ ಸಾಮ್ರಾಜ್ಯಗಳು ಸಾವಾ, ಡ್ಯಾನ್ಯೂಬ್ ನದಿಗಳ ಆಚೆ ಈಚೆ ನಿಂತು ಮತ್ತೆ ಮತ್ತೆ ಬಡಿದಾಡುತ್ತಿದ್ದ ಕಾಲ ಅದು. ಪ್ರತಿ ಯುದ್ಧದಲ್ಲೂ ಇಲ್ಲಿಯವರು ಉತ್ತರಕ್ಕೆ ಓಡುವುದು, ದಕ್ಷಿಣದವರು ಬಂದು ಅವರ ಜಾಗ ತುಂಬುವುದು. ಹೀಗೆ ತರ್ಶಿಚ್‌ನಲ್ಲಿ "ನಾವು ಮೊದಲಿನಿಂದ ಇಲ್ಲಿಯವರೇ" ಅನ್ನುವವರು ಸಿಗುವುದು ಕಷ್ಟ.

ಈಗ ಸ್ಲಾವಾ. ಇದು ಮನೆತನದ ಸಂತನ ಹಬ್ಬ. ಸರ್ಬಿಯನ್ ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಪ್ರತಿ ಮನೆಗೂ ಒಬ್ಬ ಸಂತ. ತಂದೆಯಿಂದ ಮಗನಿಗೆ ಬರುತ್ತದೆ. ಅಣ್ಣತಮ್ಮಂದಿರು ಪಾಲಾಗಿ ಬೇರೆ ಮನೆ ಮಾಡಿದರೂ, ದೇಶ ಬಿಟ್ಟು ಹೋದರೂ ಸಂತ ಬದಲಾಗುವುದಿಲ್ಲ. ಅದಕ್ಕೇ ತ್ಸ್ವೀಯಿಚ್‌ಗೆ ಅದು ಅಷ್ಟು ಮುಖ್ಯವಾಯಿತು. ಅಡ್ಡಹೆಸರು ಬದಲಾದ ಮನೆತನಗಳ ಮೂಲ ಹುಡುಕಲು ಅದೊಂದು ಸುಳಿವು. ಸುಳಿವು ಮಾತ್ರ, ಯಾಕೆಂದರೆ ಸಂತ ನಿಕೋಲಸ್ ಥರದವರನ್ನು ಎಷ್ಟೋ ಮನೆಗಳು ಪೂಜಿಸುತ್ತವೆ. ಅವನ ದಿನ ಡಿಸೆಂಬರ್ 19. ಆವತ್ತು ಅರ್ಧ ಸರ್ಬಿಯಾ ಅತಿಥಿ, ಇನ್ನರ್ಧ ಯಜಮಾನ ಅಂತ ತಮಾಷೆ ಮಾಡುತ್ತಾರೆ.

ಸ್ಲಾವಾ ದಿನ ಮನೆಯಲ್ಲಿ ಏನಾಗುತ್ತದೆ? ಮೇಜಿನ ಮೇಲೆ ಎತ್ತರದ ಒಂದು ಮೋಂಬತ್ತಿ ಹಚ್ಚಿಡುತ್ತಾರೆ. ಪಕ್ಕದಲ್ಲಿ ಹಿಟ್ಟಿನ ಹೂ, ಹಕ್ಕಿ, ಶಿಲುಬೆ ಮಾಡಿ ಅಲಂಕರಿಸಿದ ದುಂಡನೆಯ ದೊಡ್ಡ ಬ್ರೆಡ್. ಕೆಂಪು ವೈನ್. ಬೇಯಿಸಿದ ಗೋಧಿಯನ್ನು ಅಕ್ರೂಟು, ಸಕ್ಕರೆ ಜೊತೆ ಅರೆದು ತಟ್ಟೆಯಲ್ಲಿ ಗುಡ್ಡೆ ಮಾಡಿಟ್ಟಿರುತ್ತಾರೆ. ಪಾದ್ರಿ ಮತ್ತು ಯಜಮಾನ ಬ್ರೆಡ್ಡನ್ನು ಇಬ್ಬರೂ ಹಿಡಿದು ತಿರುಗಿಸಿ, ಶಿಲುಬೆಯಾಕಾರಕ್ಕೆ ಕೊಯ್ದು, ವೈನ್ ಹನಿಸಿ, ಮುರಿಯುತ್ತಾರೆ. ಬಂದ ಅತಿಥಿ ಬಾಗಿಲು ದಾಟಿದ ಮೇಲೆ ಮೊದಲು ಆ ಗೋಧಿಯ ಒಂದು ಚಮಚ ಬಾಯಿಗೆ ಹಾಕಿಕೊಳ್ಳಬೇಕು. ಶಿಲುಬೆ ಹಾಕಿ, ಸತ್ತ ಹಿರಿಯರನ್ನು ನೆನೆದು, ಆಮೇಲೆ ಕೂರುವುದು. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಗೊತ್ತಿದ್ದವರು ಬರಬೇಕು. ಕರೆಯಲಿ ಅಂತ ಕಾಯುವವನು ನೆಂಟನೇ ಅಲ್ಲ ಅನ್ನುವುದು ಅವರ ಲೆಕ್ಕ. 2014ರಲ್ಲಿ ಯುನೆಸ್ಕೊ ಇದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ, ಅಂದರೆ ಆಚರಣೆ, ಕಲೆಗಳ ಪಟ್ಟಿಗೆ ಸೇರಿಸಿತು. ಸರ್ಬಿಯಾದಿಂದ ಆ ಪಟ್ಟಿಗೆ ಹೋದ ಮೊದಲ ಹೆಸರು ಅದು.

ಕಮ್ಯುನಿಸ್ಟ್ ಕಾಲದಲ್ಲಿ ಚರ್ಚಿಗೆ ಹೋಗುವುದು ಕಮ್ಮಿಯಾದಾಗಲೂ ಹಳ್ಳಿ ಮನೆಗಳಲ್ಲಿ ಇದು ನಿಲ್ಲಲಿಲ್ಲ. ನನಗನ್ನಿಸುವುದು, ಇದು ದೇವರ ಹಬ್ಬಕ್ಕಿಂತ ಜಾಸ್ತಿ ಮನೆತನದ ಹಬ್ಬ. ಅದಕ್ಕೇ ಉಳಿಯಿತು.

ಇನ್ನು ಮನೆ. ಹಳೇ ಕಾಲದ ಮನೆ ಅಂದರೆ ಕಲ್ಲಿನ ತಳಪಾಯ, ಮೇಲೆ ಓಕ್ ದಿಮ್ಮಿಗಳ ಗೋಡೆ, ಅದರ ಮೇಲೆ ಮರದ ಹಲಗೆ ಚೂರು ಹೊದಿಸಿದ ಕಡಿದಾದ ಮಾಡು. ಹಿಮ ನಿಲ್ಲದೆ ಜಾರಿ ಬೀಳಲಿ ಅಂತ ಆ ಇಳಿಜಾರು. ಒಳಗೆ ಎರಡೇ ಭಾಗ. ಮೊದಲನೆಯದರಲ್ಲಿ ನೆಲದ ಮೇಲೇ ಒಲೆ. ಅದರ ಮೇಲೆ ಸೂರಿನಿಂದ ಇಳಿಬಿಟ್ಟ ಕಬ್ಬಿಣದ ಸರಪಳಿ, ಅದಕ್ಕೆ ಪಾತ್ರೆ ನೇತುಹಾಕಿ ಅಡುಗೆ. ಹೊಗೆ ಮಾಡಿನ ಸಂದಿಯಿಂದ ಹೊರಗೆ ಹೋಗಬೇಕು. ಎರಡನೆಯದು ಮಲಗುವ, ಅತಿಥಿ ಕೂರುವ ಕೋಣೆ. ಅಷ್ಟೇ.

ಹಾಗಾದರೆ ಇಪ್ಪತ್ತು ಮೂವತ್ತು ಜನರ ಕೂಡು ಕುಟುಂಬ ಎಲ್ಲಿ ಮಲಗುತ್ತಿತ್ತು? ಇದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಅಂಗಳದಲ್ಲಿ ಪುಟ್ಟ ಪುಟ್ಟ ಮರದ ಗುಡಿಸಲುಗಳು. ವಾಯತ್ ಅಂತ ಹೆಸರು. ಮನೆಯ ಒಬ್ಬೊಬ್ಬ ಮಗನಿಗೆ ಮದುವೆಯಾದಾಗ ಒಂದೊಂದು ವಾಯತ್. ಗಂಡ ಹೆಂಡತಿ ರಾತ್ರಿ ಅಲ್ಲಿ. ಹೊಸ ಸೊಸೆಯ ಪೆಟ್ಟಿಗೆ, ಬಟ್ಟೆ ಎಲ್ಲ ಅದರೊಳಗೆ. ಆದರೆ ಬೆಂಕಿ ಹಾಕುವ ಹಾಗಿಲ್ಲ. ಬೆಂಕಿ ಇಡೀ ಕುಟುಂಬಕ್ಕೆ ಒಂದೇ, ಅದು ದೊಡ್ಡ ಮನೆಯಲ್ಲಿ. ಚಳಿಗಾಲದಲ್ಲಿ ಆ ಜೋಡಿಗಳ ಗತಿ ಏನು ಅಂತ ನೀವೇ ಊಹಿಸಿಕೊಳ್ಳಿ! ಊಟ ಒಂದೇ ಕಡೆ, ದುಡ್ಡು ಒಂದೇ ಕಡೆ, ಹಿರಿಯನ ಮಾತು ಕಡೇ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ಕೂಡು ಕುಟುಂಬಗಳು ಒಡೆಯಲು ಶುರುವಾದ ಮೇಲೆ ವಾಯತ್‌ಗಳು ಉಗ್ರಾಣಗಳಾದವು.

ದುಡ್ಡು ಎಲ್ಲಿಂದ ಬರುತ್ತಿತ್ತು? ಹಂದಿಯಿಂದ. ಓಕ್ ಕಾಯಿ ತಿಂದು ಹಂದಿಗಳು ಕಾಡಿನಲ್ಲೇ ಕೊಬ್ಬುತ್ತಿದ್ದವು. ಅವನ್ನು ಹೊಡೆದುಕೊಂಡು ಹೋಗಿ ಸಾವಾ ನದಿ ದಾಟಿಸಿ ಆಸ್ಟ್ರಿಯಾದವರಿಗೆ ಮಾರುವುದು. 1804ರಲ್ಲಿ ತುರ್ಕರ ವಿರುದ್ಧ ಬಂಡಾಯದ ನಾಯಕನಾದ ಕರಾಜೋರ್ಜೆ ಕೂಡ ಹಂದಿ ವ್ಯಾಪಾರಿಯೇ. ಕಾಡಿನ ದಾರಿ, ನದಿ ದಾಟುವ ಕಡೆ, ಆಚೆ ದಡದಲ್ಲಿ ಬಂದೂಕು ಮಾರುವವರು, ಎಲ್ಲ ಅವನಿಗೆ ಗೊತ್ತಿತ್ತು. ಬಂಡಾಯಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಬೇಕಾ?

ಈಗ ವೂಕ್ ಕಡೆ ಬರೋಣ. 1787ರಲ್ಲಿ ತರ್ಶಿಚ್‌ನಲ್ಲಿ ಸ್ತೆಫಾನ್, ಯೆಗ್ದಾ ದಂಪತಿಗೆ ಒಂದು ಗಂಡು ಮಗು ಹುಟ್ಟಿತು. ಅದಕ್ಕೆ ಮುಂಚೆ ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ಮಾಟಗಾತಿಯರು ಮಕ್ಕಳನ್ನು ತಿನ್ನುತ್ತಾರೆ, ಆದರೆ ತೋಳನ ಹತ್ತಿರ ಬರುವುದಿಲ್ಲ ಅನ್ನುವ ನಂಬಿಕೆ ಊರಲ್ಲಿತ್ತು. ಮಗುವಿಗೆ ತೋಳ ಅಂತಲೇ ಹೆಸರಿಟ್ಟರು. ವೂಕ್ ಅಂದರೆ ಅದೇ. ಮಗು ಉಳಿಯಿತು.

ಊರಲ್ಲಿ ಶಾಲೆ ಇರಲಿಲ್ಲ. ಆ ಸುತ್ತಿನಲ್ಲಿ ಓದು ಬರಹ ಬರುತ್ತಿದ್ದವನು ನೆಂಟನಾದ ಯೆವ್ತಾ ಸಾವಿಚ್. ಅವನೇ ಮೊದಲ ಗುರು. ಕಾಗದ ಎಲ್ಲಿಂದ ಬರಬೇಕು? ಬಂದೂಕಿನ ತೋಟಾ ಸುತ್ತುವ ಕಾಗದ ಸಿಗುತ್ತಿತ್ತು. ಶಾಯಿ? ಮದ್ದಿನ ಪುಡಿಯನ್ನು ನೀರಲ್ಲಿ ಕಲಸಿದರು. ಲೇಖನಿಗೆ ಜೊಂಡು. ಹುಡುಗ ಅಕ್ಷರ ತಿದ್ದಿದ್ದು ಹೀಗೆ. ಆಮೇಲೆ ಲೋಜ್ನಿತ್ಸಾದಲ್ಲಿ ಸ್ವಲ್ಪ ದಿನ ಶಾಲೆ. ಅಲ್ಲಿಂದ ಹತ್ತಿರದ ತ್ರೊನೋಶಾ ಮಠಕ್ಕೆ. ಹದಿನಾಲ್ಕನೇ ಶತಮಾನದಲ್ಲಿ ರಾಣಿ ಕಟಾರಿನಾ ಕಟ್ಟಿಸಿದ್ದು ಅಂತ ಹೇಳುವ ಹಳೇ ಮಠ ಅದು. ಮಠದಲ್ಲಿ ಓದಿಸುವುದಕ್ಕಿಂತ ದನ ಆಡು ಕಾಯಿಸುವುದೇ ಜಾಸ್ತಿಯಾಯಿತು. ಅಪ್ಪನಿಗೆ ಸಿಟ್ಟು ಬಂತು. ಆಡು ಕಾಯುವುದಾದರೆ ನಮ್ಮ ಮನೆಯಲ್ಲೇ ಆಡುಗಳಿವೆಯಲ್ಲ ಅಂತ ಮಗನನ್ನು ವಾಪಸ್ ಕರೆತಂದ.

1804ರಲ್ಲಿ ಬಂಡಾಯ ಶುರುವಾಯಿತು. ಬಂಡಾಯಗಾರರಲ್ಲಿ ಹೆಚ್ಚಿನವರಿಗೆ ಓದು ಬರಹ ಬಾರದು. ಅಕ್ಷರ ಬಲ್ಲ ಹದಿನೇಳರ ಹುಡುಗ ಗುಮಾಸ್ತನಾದ. ತುರ್ಕರು ತರ್ಶಿಚ್‌ಗೆ ಬೆಂಕಿ ಇಟ್ಟರು. ಕರಾಜಿಚ್ ಮನೆಯೂ ಸುಟ್ಟುಹೋಯಿತು. ಮುಂದೆ ಕೆಲವೇ ವರ್ಷಗಳಲ್ಲಿ ಕಾಯಿಲೆ ಬಂದು ವೂಕ್‌ನ ಎಡಗಾಲು ಸೊಟ್ಟಗಾಯಿತು. ಜೀವನಪೂರ್ತಿ ಮರದ ಊರುಗೋಲು. ಆ ಕೋಲು ಬಂದ ಮೇಲೆ ಕುದುರೆ, ಯುದ್ಧ ಎಲ್ಲ ಬಿಟ್ಟು ಕೂತು ಬರೆಯಬೇಕಾಯಿತು, ಇಲ್ಲದಿದ್ದರೆ ತುರ್ಕರ ಕೈಯಲ್ಲಿ ಎಂದೋ ಸತ್ತಿರುತ್ತಿದ್ದೆ ಅನ್ನುವ ಅರ್ಥದಲ್ಲಿ ಮುಂದೆ ಅವನೇ ಬರೆದುಕೊಂಡಿದ್ದಾನೆ. 1813ರಲ್ಲಿ ಬಂಡಾಯ ಮುರಿದುಬಿತ್ತು. ಸಾವಿರಾರು ಜನರ ಜೊತೆ ವೂಕ್ ಕೂಡ ನದಿ ದಾಟಿ ಆಸ್ಟ್ರಿಯಾ ಸೇರಿದ. ವಿಯೆನ್ನಾಕ್ಕೆ ಹೋದ.

ವಿಯೆನ್ನಾದಲ್ಲಿ ಯೆರ್ನೆಯ್ ಕೊಪಿತಾರ್ ಅನ್ನುವ ಸ್ಲೊವೇನಿಯಾದ ವಿದ್ವಾಂಸ ಇದ್ದ. ಸ್ಲಾವ್ ಭಾಷೆಗಳ ಪುಸ್ತಕಗಳನ್ನು ಪರಿಶೀಲಿಸುವ ಸರ್ಕಾರಿ ಕೆಲಸ ಅವನದು. ಇವನಿಗೆ ಹಳ್ಳಿಯ ಜೀವಂತ ಮಾತು ಗೊತ್ತು ಅಂತ ತಕ್ಷಣ ಕಂಡುಹಿಡಿದ. ನಿನಗೆ ಗೊತ್ತಿರುವ ಹಾಡು, ಮಾತು ಎಲ್ಲ ಬರೆದಿಡು ಅಂತ ಹಿಂದೆ ಬಿದ್ದ. ಆಗಿನ ಸರ್ಬಿಯನ್ ಬರವಣಿಗೆ ಚರ್ಚಿನ ಹಳೇ ಸ್ಲಾವ್ ಭಾಷೆ, ರಷ್ಯನ್, ಆಡುಮಾತು ಎಲ್ಲ ಕಲಸಿದ ಒಂದು ಮಿಶ್ರಣ. ಹೊಲದಲ್ಲಿ ಕೆಲಸ ಮಾಡುವವನಿಗೆ ಅರ್ಥವಾಗುತ್ತಿರಲಿಲ್ಲ. 1814ರಲ್ಲಿ ವೂಕ್ ಒಂದು ಪುಟ್ಟ ಹಾಡಿನ ಸಂಗ್ರಹ ಮತ್ತು ಜನಸಾಮಾನ್ಯರ ಮಾತಿನ ವ್ಯಾಕರಣ ಅಚ್ಚು ಹಾಕಿಸಿದ. 1818ರಲ್ಲಿ 26,270 ಪದಗಳ ನಿಘಂಟು ಬಂತು, ಜರ್ಮನ್ ಮತ್ತು ಲ್ಯಾಟಿನ್ ಅರ್ಥಗಳ ಜೊತೆ. ಒಂದು ಸದ್ದಿಗೆ ಒಂದೇ ಅಕ್ಷರ, ಒಟ್ಟು 30 ಅಕ್ಷರ. ಮಾತಾಡಿದಂತೆ ಬರೆ, ಬರೆದಂತೆ ಓದು.

ನಾನು ಈ ನಿಘಂಟನ್ನು ಒಂದು ಹಳ್ಳಿಯ ದಾಖಲೆ ಅಂತಲೇ ನೋಡುತ್ತೇನೆ. ಎಷ್ಟೋ ಪದಗಳಿಗೆ ವೂಕ್ ಬರೀ ಅರ್ಥ ಕೊಟ್ಟು ಸುಮ್ಮನಾಗುವುದಿಲ್ಲ. ಕೂತು ಕಥೆ ಹೇಳುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಓಕ್ ಕೊಂಬೆ ತಂದು ಒಲೆಗೆ ಹಾಕುವುದು ಹೇಗೆ, ಮದುವೆ ಹೇಗೆ, ಭೂತ ಪ್ರೇತಗಳು ಯಾವುವು, ಎಲ್ಲ ಅಲ್ಲೇ ಇದೆ. ಒಂದು ಉದಾಹರಣೆ ಕೊಡುತ್ತೇನೆ. ದೊದೊಲೆ ಅನ್ನುವ ಪದ. ಮಳೆ ಬರದಿದ್ದಾಗ ಹುಡುಗಿಯರು ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಅವರಲ್ಲಿ ಒಬ್ಬಳಿಗೆ ಮೈ ಕಾಣದ ಹಾಗೆ ಹುಲ್ಲು, ಸೊಪ್ಪು, ಹೂ ಸುತ್ತಿರುತ್ತಾರೆ. ಉಳಿದವರು ಹಾಡುವಾಗ ಇವಳು ಅಂಗಳದಲ್ಲಿ ಗಿರಗಿರ ತಿರುಗುತ್ತಾಳೆ. ಮನೆಯೊಡತಿ ಹೊರಗೆ ಬಂದು ಅವಳ ಮೇಲೆ ನೀರು ಸುರಿಯುತ್ತಾಳೆ. ಉತ್ತರ ಕರ್ನಾಟಕದವರು ಇಲ್ಲಿ ಯಾರಾದರೂ ಇದ್ದರೆ ಈಗಾಗಲೇ ನಗುತ್ತಿರಬೇಕು. ನಮ್ಮ ಗುರ್ಜಿ ಇದೇ ಅಲ್ವಾ! ತಲೆ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ಹೋಗುವುದು, ಹಾಡುವುದು, ಮನೆಯವರು ನೀರು ಸುರಿಯುವುದು. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಮುಗಿಲು ನೋಡಿ ಬದುಕುವ ರೈತರು ಎರಡು ಕಡೆಯೂ ಇದ್ದರು, ಅಷ್ಟೇ.

ಇನ್ನೊಂದು ಮಾತು. ಆ ಮೊದಲ ನಿಘಂಟಿನಲ್ಲಿ ಬೈಗುಳ, ಪೋಲಿ ಪದಗಳೂ ಇದ್ದವು. ಜನ ಆಡುತ್ತಾರೆ, ಹಾಗಾಗಿ ಇರಬೇಕು. ಚರ್ಚಿನ ದೊಡ್ಡವರಿಗೆ ಮೈಯೆಲ್ಲಾ ಉರಿಯಿತು. ದನ ಕಾಯುವವರ ಭಾಷೆಯನ್ನು ಪುಸ್ತಕಕ್ಕೆ ತರುತ್ತಿದ್ದಾನೆ ಅಂತ ಹಳಿದರು. 1832ರಲ್ಲಿ ದೊರೆ ಮಿಲೋಶ್ ಸರ್ಬಿಯಾದಲ್ಲಿ ಅವನ ಬರಹ ಕ್ರಮವನ್ನೇ ನಿಷೇಧಿಸಿದ. ಜರ್ಮನಿಯಲ್ಲಿ ಮಾತ್ರ ಮರ್ಯಾದೆ ಬೇರೆ. ಭಾಷಾ ವಿದ್ವಾಂಸ ಯಾಕೊಬ್ ಗ್ರಿಮ್ ಅವನ ವ್ಯಾಕರಣವನ್ನು ಜರ್ಮನ್‌ಗೆ ತಂದ. ಕವಿ ಗಯಟೆ ಅವನನ್ನು ಮನೆಗೆ ಕರೆದು ಮಾತಾಡಿಸಿದ. ಸ್ವಂತ ನಾಡಿನಲ್ಲಿ ಆ ಅಕ್ಷರಮಾಲೆಗೆ ಪೂರ್ತಿ ಒಪ್ಪಿಗೆ ಸಿಕ್ಕಿದ್ದು 1868ರಲ್ಲಿ, ವೂಕ್ ಸತ್ತು ನಾಲ್ಕು ವರ್ಷ ಆದ ಮೇಲೆ. ಮೂಳೆಗಳು ವಿಯೆನ್ನಾದಿಂದ ಬೆಲ್‌ಗ್ರೇಡ್‌ಗೆ ಬಂದದ್ದು 1897ರಲ್ಲಿ.

ಹಾಡುಗಳನ್ನು ಅವನಿಗೆ ಕೊಟ್ಟವರು ಯಾರು? ಇದನ್ನು ಹೇಳದೆ ಮುಂದೆ ಹೋಗಬಾರದು. ಫಿಲಿಪ್ ವಿಶ್ನಿಚ್ ಅಂತ ಒಬ್ಬ ಗಾಯಕ. ದ್ರೀನಾ ಆಚೆಯ ಬೋಸ್ನಿಯಾದವನು. ಚಿಕ್ಕಂದಿನಲ್ಲಿ ಸಿಡುಬು ಬಂದು ಕಣ್ಣು ಹೋಗಿತ್ತು. ಗೂಸ್ಲೆ ಅನ್ನುವ ವಾದ್ಯವನ್ನು ತೊಡೆ ಮೇಲೆ ನಿಲ್ಲಿಸಿ, ಕಮಾನಿನಿಂದ ತೀಡುತ್ತಾ ಬಂಡಾಯದ ಕಥೆ ಹಾಡುತ್ತಿದ್ದ. ಅವನೂ 1813ರಲ್ಲಿ ಊರು ಬಿಟ್ಟು ಸಾವಾ ದಾಟಿದವನು. ಜೀವಾನಾ ಅನ್ನುವ ಕುರುಡಿ ಇನ್ನೊಬ್ಬಳು. ತೆಶಾನ್ ಪೊದ್ರುಗೊವಿಚ್ ಅನ್ನುವವನು ಹಾಡುತ್ತಿರಲಿಲ್ಲ, ಕಥೆಯಂತೆ ಹೇಳುತ್ತಿದ್ದ. ಎಲ್ಲರೂ ನೆಲೆ ಕಳೆದುಕೊಂಡವರೇ, ಅಲೆದಾಡಿದವರೇ. ಇಂಥವರ ಬಾಯಿಂದ ಬರೆದುಕೊಂಡ ಹಾಡುಗಳೇ ಸರ್ಬಿಯನ್ ಸಾಹಿತ್ಯದ ತಳಪಾಯ.

ವಲಸೆ ಭಾಷೆಯಲ್ಲೂ ಕೂತಿದೆ. ವೂಕ್ ಬರೆದದ್ದು ಹೆರ್ಜೆಗೊವಿನಾದಿಂದ ಬಂದ ತನ್ನ ಮನೆಯವರ ಉಚ್ಚಾರದಲ್ಲಿ. ಇವತ್ತು ಬೆಲ್‌ಗ್ರೇಡ್‌ನವರು ಬೇರೆ ಥರ ಉಚ್ಚರಿಸುತ್ತಾರೆ. ಬೋಸ್ನಿಯಾ, ಮೊಂಟೆನೆಗ್ರೊ ಕಡೆಯವರ ಮಾತೇ ವೂಕ್‌ನ ಬರಹಕ್ಕೆ ಹತ್ತಿರ.

ಮುಂದಿನ ಇತಿಹಾಸವನ್ನು ಸ್ವಲ್ಪ ಬೇಗ ಹೇಳಿಬಿಡುತ್ತೇನೆ. ಯಾದರ್ ಸೀಮೆ ಸರ್ಬಿಯಾಕ್ಕೆ ಸೇರಿದ್ದು 1833ರಲ್ಲಿ. ಸೇರಿದ ಮೇಲೆ ಇಲ್ಲಿದ್ದ ಮುಸ್ಲಿಮರು ಊರು ಬಿಡಬೇಕಾಯಿತು. 1862ರಲ್ಲಿ ದಕ್ಷಿಣದ ಸೊಕೋ ಕೋಟೆಯ ಮುಸ್ಲಿಮರೂ ಹೊರಟರು, ಅನೇಕರು ದ್ರೀನಾ ಆಚೆ ಬೋಸ್ನಿಯಾಕ್ಕೆ. ಬಂದವರ ಕಥೆ ಹೇಳುವಾಗ ಹೋದವರ ಕಥೆ ಬಿಡಬಾರದು. ಅಲ್ಲಿಯ ಶಾಲಾ ಪ್ರವಾಸಗಳಲ್ಲಿ ಇದನ್ನು ಎಷ್ಟು ಹೇಳುತ್ತಾರೋ ಅಂತ ನನಗೆ ಅನುಮಾನ.

1914ರ ಆಗಸ್ಟ್‌ನಲ್ಲಿ ಆಸ್ಟ್ರಿಯಾ-ಹಂಗೇರಿ ಸೇನೆ ಲೋಜ್ನಿತ್ಸಾ ಹತ್ತಿರವೇ ದ್ರೀನಾ ದಾಟಿತು. ಪಕ್ಕದ ತ್ಸೇರ್ ಬೆಟ್ಟದಲ್ಲಿ, ತೆಕೆರಿಶ್ ಹಳ್ಳಿಯ ಸುತ್ತ ಕಾಳಗ ನಡೆಯಿತು. ಸ್ತೆಪಾ ಸ್ತೆಪಾನೊವಿಚ್‌ನ ಕೆಳಗೆ ಸರ್ಬಿಯನ್ ಸೇನೆ ಗೆದ್ದಿತು. ಮೊದಲ ಮಹಾಯುದ್ಧದಲ್ಲಿ ಮಿತ್ರಪಕ್ಷಕ್ಕೆ ಸಿಕ್ಕ ಮೊದಲ ಜಯ ಅದು. ಬೆಲೆ ತೆತ್ತವರು ಹಳ್ಳಿಗರು. ಹಿಂದೆ ಸರಿಯುವಾಗ ಆ ಸೇನೆ ಲೆಶ್ನಿತ್ಸಾ ರೈಲು ನಿಲ್ದಾಣದ ಹತ್ತಿರ 109 ರೈತರನ್ನು ಗುಂಡಿಕ್ಕಿ ಕೊಂದು ಗುಂಡಿಗೆ ಹಾಕಿತು. ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಿಂದ ಬಂದ ಆರ್ಚಿಬಾಲ್ಡ್ ರೈಸ್ ಅನ್ನುವ ಅಪರಾಧ ವಿಜ್ಞಾನಿ ಇದನ್ನು ತನಿಖೆ ಮಾಡಿ ಬರೆದಿಟ್ಟ. ಆಮೇಲೆ ಗೂಚೆವೊ ಬೆಟ್ಟದ ಮೇಲೇ ವಾರಗಟ್ಟಲೆ ಕಂದಕ ಯುದ್ಧ. 1941ರ ಅಕ್ಟೋಬರ್‌ನಲ್ಲಿ ಯಾದರ್ ಕಣಿವೆಯ ದ್ರಾಗಿನಾತ್ಸ್ ಹಳ್ಳಿಯಲ್ಲಿ ಜರ್ಮನ್ ಸೇನೆ ಮತ್ತೆ ಹಳ್ಳಿಗರ ಸಾಮೂಹಿಕ ಕೊಲೆ ಮಾಡಿತು.

ಎರಡು ಯುದ್ಧಗಳ ನಡುವೆ, 1933ರಲ್ಲಿ, ಸುಟ್ಟುಹೋಗಿದ್ದ ಕರಾಜಿಚ್ ಮನೆಯ ಜಾಗದಲ್ಲಿ ಹಳೇ ಮಾದರಿಯ ಒಂದು ಮನೆ ಕಟ್ಟಿದರು. ಪ್ರವಾಸಿಗಳು ನೋಡುವುದು ಅದನ್ನೇ. ವೂಕ್ ಹುಟ್ಟಿದ ಮನೆ ಅದಲ್ಲ. ಆವತ್ತಿನಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ವೂಕ್ ಹೆಸರಿನ ಜಾತ್ರೆ ನಡೆಯುತ್ತದೆ. ಕವಿಗಳು, ನಟರು, ಹಾಡುಗಾರರು, ಮಂತ್ರಿಗಳು, ಸುಟ್ಟ ಮಾಂಸದ ಅಂಗಡಿಗಳು, ಎಲ್ಲ. 1987ರಲ್ಲಿ 200ನೇ ವರ್ಷಕ್ಕೆ ಊರನ್ನು ಮತ್ತಷ್ಟು ಸಿಂಗರಿಸಿದರು. ಜಾಗ ಚೆನ್ನಾಗಿದೆ, ಆದರೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ. ಸಗಣಿ ಇಲ್ಲದ, ಕೆಸರಿಲ್ಲದ ಹಳ್ಳಿ ನೋಡಿದರೆ ನನಗೆ ನಂಬಿಕೆ ಬರುವುದಿಲ್ಲ. ನಿಜವಾದ ಊರು ಆ ಆವರಣದ ಹೊರಗಿದೆ. ಟ್ರ್ಯಾಕ್ಟರ್ ಇಟ್ಟುಕೊಂಡ, ಮನೆ ಹಿಂದೆ ಪ್ಲಮ್ ಹಣ್ಣಿನ ರಕಿಯಾ ಬಟ್ಟಿ ಇಳಿಸುವ ಊರು.

ಆ ಊರಿನವರು ಎರಡನೇ ಯುದ್ಧದ ನಂತರ ಲೋಜ್ನಿತ್ಸಾದ ವಿಸ್ಕೋಜಾ ಕಾರ್ಖಾನೆಗೆ ಹೋಗತೊಡಗಿದರು. ಕೃತಕ ನೂಲು ಮಾಡುವ ಆ ಕಾರ್ಖಾನೆಯಲ್ಲಿ ಸುತ್ತಲಿನ ಹಳ್ಳಿಗಳ ಸಾವಿರಾರು ಜನ ದುಡಿದರು. ಪಾಳಿ ಮುಗಿಸಿ ಬಂದು ಮೆಕ್ಕೆಜೋಳ ಕೊಯ್ಯುವ ಬದುಕು. 1960ರ ದಶಕದಲ್ಲಿ ಆಸ್ಟ್ರಿಯಾ, ಪಶ್ಚಿಮ ಜರ್ಮನಿ ಜೊತೆ ಯುಗೊಸ್ಲಾವಿಯಾ ಕೂಲಿ ಒಪ್ಪಂದ ಮಾಡಿಕೊಂಡ ಮೇಲೆ ಎಷ್ಟೋ ಜನ ಆ ಕಡೆ ನಡೆದರು. ಅಲ್ಲಿ ಸಣ್ಣ ಬಾಡಿಗೆ ಮನೆಯಲ್ಲಿದ್ದು, ಇಲ್ಲಿ ಎರಡಂತಸ್ತಿನ ದೊಡ್ಡ ಮನೆ ಕಟ್ಟುತ್ತಾರೆ. ಆಗಸ್ಟ್ ರಜೆಗೆ ಬರುತ್ತಾರೆ. ಉಳಿದ ತಿಂಗಳು ಬಾಗಿಲು ಹಾಕಿರುತ್ತದೆ. ಯುಗೊಸ್ಲಾವಿಯಾ ಒಡೆದ ಮೇಲೆ ಕಾರ್ಖಾನೆಯೂ ಮುಚ್ಚಿತು. 1992ರಲ್ಲಿ ಆಚೆ ದಡದಲ್ಲಿ ಯುದ್ಧ. ಝ್ವೋರ್ನಿಕ್ ಸುತ್ತಲಿನ ಬೋಸ್ನಿಯಾಕ್ ಮುಸ್ಲಿಮರನ್ನು ಸರ್ಬ್ ಪಡೆಗಳು ಕೊಂದವು, ಓಡಿಸಿದವು. ಬೋಸ್ನಿಯಾದ ಬೇರೆ ಕಡೆಗಳಿಂದ ಮನೆ ಕಳೆದುಕೊಂಡ ಸರ್ಬ್ ನಿರಾಶ್ರಿತರು ದ್ರೀನಾ ದಾಟಿ ಲೋಜ್ನಿತ್ಸಾ ಕಡೆ ಬಂದರು. ತ್ಸ್ವೀಯಿಚ್‌ನ ಪ್ರಶ್ನೆಗೆ ಇನ್ನೊಂದು ಸುತ್ತು ಉತ್ತರ.

ಕೊನೆಯದಾಗಿ ಈಗಿನ ಗಲಾಟೆ. 2004ರಲ್ಲಿ ರಿಯೊ ಟಿಂಟೊ ಅನ್ನುವ ಗಣಿ ಕಂಪನಿಯ ಭೂವಿಜ್ಞಾನಿಗಳಿಗೆ ಇದೇ ಯಾದರ್ ಕಣಿವೆಯಲ್ಲಿ ಅದುವರೆಗೆ ಯಾರೂ ಕಾಣದ ಒಂದು ಖನಿಜ ಸಿಕ್ಕಿತು. ಲಿಥಿಯಂ ಮತ್ತು ಬೋರಾನ್ ಎರಡೂ ಇರುವ ಬಿಳಿ ಪುಡಿಯಂಥದ್ದು. ನದಿಯ ಹೆಸರಿನಿಂದಲೇ ಯಾದರೈಟ್ ಅಂತ ಕರೆದರು. ವಿದ್ಯುತ್ ಕಾರುಗಳ ಬ್ಯಾಟರಿಗೆ ಲಿಥಿಯಂ ಬೇಕು, ಯುರೋಪಿಗೆ ಅದರ ಹಸಿವು ದೊಡ್ಡದು. ಗೋರ್ನ್ಯೆ ನೆದೆಲ್ಯಿತ್ಸೆ ಅನ್ನುವ ಹಳ್ಳಿಯ ಹತ್ತಿರ ಗಣಿ ಮಾಡುವ ಯೋಜನೆ. ಕಂಪನಿ ಅಲ್ಲಿ ಮನೆ, ಹೊಲ ಕೊಳ್ಳತೊಡಗಿತು. ಕೆಲವರು ಮಾರಿದರು. ಕೆಲವರು ಒಪ್ಪಲಿಲ್ಲ, "ಯಾದರ್ ಕೊಡುವುದಿಲ್ಲ" ಅನ್ನುವ ಸಂಘಟನೆ ಕಟ್ಟಿದರು.

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ಬೆಟ್ಟಗಳಲ್ಲಿ ಆಂಟಿಮನಿ ಅನ್ನುವ ಲೋಹದ ಗಣಿಗಾರಿಕೆ ಹಳೆಯದು. 2014ರ ಮೇ ಪ್ರವಾಹದಲ್ಲಿ ಮುಚ್ಚಿಹೋಗಿದ್ದ ಒಂದು ಗಣಿಯ ತ್ಯಾಜ್ಯದ ಕಟ್ಟೆ ಒಡೆದು ಕೆಸರೆಲ್ಲ ಹೊಳೆಗೆ, ಅಲ್ಲಿಂದ ಯಾದರ್ ದಡದ ಹೊಲಗಳಿಗೆ ನುಗ್ಗಿತ್ತು. ಅದನ್ನು ಕಣ್ಣಾರೆ ಕಂಡವರು ಅವರು. 2021ರ ಕೊನೆಯಲ್ಲಿ ದೇಶದ ತುಂಬಾ ರಸ್ತೆ ತಡೆ ನಡೆಯಿತು. 2022ರ ಜನವರಿಯಲ್ಲಿ ಸರ್ಕಾರ ಪರವಾನಗಿ ರದ್ದು ಮಾಡಿತು. 2024ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ರದ್ದತಿ ಸರಿಯಲ್ಲ ಅಂದಿತು. ಕೆಲವೇ ದಿನಗಳಲ್ಲಿ ಯುರೋಪಿಯನ್ ಒಕ್ಕೂಟದ ಜೊತೆ ಒಪ್ಪಂದಕ್ಕೆ ಸಹಿಯೂ ಬಿತ್ತು. ಆಗಸ್ಟ್‌ನಲ್ಲಿ ಬೆಲ್‌ಗ್ರೇಡ್‌ನ ಬೀದಿಗಳಲ್ಲಿ ಭಾರೀ ಪ್ರತಿಭಟನೆ. 2025ರ ನವೆಂಬರ್‌ನಲ್ಲಿ ಕಂಪನಿ ಯೋಜನೆಯನ್ನು ಸದ್ಯಕ್ಕೆ ನಿಲ್ಲಿಸಿಡುವುದಾಗಿ ಹೇಳಿತು.

ಗಣಿ ಬರಬೇಕಾ ಬೇಡವಾ ಅಂತ ನಾನು ಇಲ್ಲಿ ನಿಂತು ತೀರ್ಪು ಕೊಡುವುದಿಲ್ಲ. ಬ್ಯಾಟರಿ ನಮಗೂ ಬೇಕು. ಆದರೆ ಆ ರೈತರನ್ನು "ಅಭಿವೃದ್ಧಿ ಅರಿಯದವರು" ಅಂತ ಬರೆಯುವವರನ್ನು ಓದಿದಾಗ ಸಿಟ್ಟು ಬರುತ್ತದೆ. ಊರು ಬಿಡುವುದು ಅಂದರೆ ಏನು ಅಂತ ಆ ಕಣಿವೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೊಂದು ಮನೆತನವೂ ಅದನ್ನು ಕನಿಷ್ಠ ಒಂದು ಸಲ ಮಾಡಿದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.